ಪೆಟ್ಟಿಗೆಯೊಳಗೊಂದು ಮೈಕು

ಕನ್ನಡಕದಂಗಡಿಯ ಯಜಮಾನರಿಗೆ ಇದ್ದ ಕೊರಗು ಒಂದೇ. ಹನ್ನೊಂದು ವರ್ಷದಿಂದ ಅವರು ವಾದ್ಯವೃಂದದಲ್ಲಿ ಡೋಲು ಬಾರಿಸುತ್ತಿದ್ದರು; ಹನ್ನೊಂದು ವರ್ಷದಿಂದ ಅದು ಯಾರ ಕಿವಿಗೂ ಬಿದ್ದಿರಲಿಲ್ಲ.

ಡೋಲೆಂದರೆ ಕೊರಳಿಗೆ ನೇತುಹಾಕಿಕೊಳ್ಳುವಂಥದ್ದಲ್ಲ. ಮೊಣಕಾಲೆತ್ತರದ ಮರದ ಪೆಟ್ಟಿಗೆ. ಅದರ ಮೇಲೆಯೇ ಕುಳಿತು, ಕಾಲುಗಳ ನಡುವಿನ ತೆಳುಹಲಗೆಗೆ ಎರಡೂ ಅಂಗೈಗಳಿಂದ ಬಡಿಯಬೇಕು. ಸದ್ದು ಹೊರಬರಲೆಂದು ಹಿಂದುಗಡೆ ದುಂಡನೆಯ ತೂತು. (ಸದ್ದು ತೂತಿನವರೆಗೆ ಬಂದು, ಜನರನ್ನು ಕಂಡು ನಾಚಿ, ಒಳಗೇ ಉಳಿದುಬಿಡುತ್ತಿತ್ತೋ ಏನೋ.) ವೃಂದದಲ್ಲಿ ಹಾಡುವವರು ಹಲ್ಲಿನ ಡಾಕ್ಟರು, ಪಿಟೀಲು ಅಂಚೆ ಕಚೇರಿಯ ಮೇಡಂನದು. ಕಾರ್ಯಕ್ರಮ ಮುಗಿದ ಮೇಲೆ ಜನ ಅವರಿಬ್ಬರನ್ನೂ ಮುತ್ತಿಕೊಂಡು ಹೊಗಳುತ್ತಿದ್ದರು. ಕನ್ನಡಕದವರನ್ನು ಕಂಡರೆ ಮಾತ್ರ, "ಓ, ನೀವೂ ಬಂದಿದ್ರಾ? ನನ್ನ ಕನ್ನಡಕ ರೆಡಿ ಆಯ್ತಾ?" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಗಾಜು ಉಜ್ಜುತ್ತಾ ಕುಳಿತಿದ್ದಾಗ ಅವರಿಗೆ ಜ್ಞಾನೋದಯವಾಯಿತು. ಡೋಲಿನ ಹೊಟ್ಟೆಯೊಳಗೇ ಒಂದು ಮೈಕು ಕೂರಿಸಿದರೆ? ಮುಂದಿನ ಭಾನುವಾರ ಗ್ರಂಥಾಲಯದ ಸಭಾಂಗಣದಲ್ಲಿ ಕಾರ್ಯಕ್ರಮವಿತ್ತು. ಅರ್ಧ ಊರೇ ಅಲ್ಲಿರುತ್ತದೆ. ಕೇಳಲಿ, ಎಲ್ಲರೂ ಕೇಳಲಿ.

ಅಂದೇ ಡಾಕ್ಟರಿಗೆ ಸುದ್ದಿ ಮುಟ್ಟಿಸಿದರು. ಡಾಕ್ಟರು ರೋಗಿಯ ಬಾಯಿಂದ ಕೈ ತೆಗೆದು ಕೇಳಿದರು: "ಮೈಕಾ? ಒಳಗಾ?"

"ಒಳಗೇ."

"ಅದಕ್ಕೆ ಪೆಟ್ಟಿಗೆ ಬಿಚ್ಚಬೇಕಾಗತ್ತಾ?"

"ಬಿಚ್ಚದೆ ಹೇಗೆ ಡಾಕ್ಟ್ರೇ? ನೀವು ಬಾಯಿ ತೆಗೆಸದೆ ಹಲ್ಲು ಕೀಳ್ತೀರಾ?"

ಡಾಕ್ಟರು ಮತ್ತೆ ರೋಗಿಯ ಬಾಯಿಗೆ ಕೈ ಹಾಕಿದರು. ಹಲ್ಲುನೋವು ಬಂದದ್ದು ರೋಗಿಗೋ ಡಾಕ್ಟರಿಗೋ ಎಂಬಂತಿತ್ತು ಅವರ ಮುಖ.

ಮೈಕು ಕೂರಿಸಲು ಬಂದವನು ಕನ್ನಡಕದವರ ಹೆಂಡತಿಯ ತಮ್ಮ. ಧ್ವನಿವರ್ಧಕಗಳ ರಿಪೇರಿ ಅವನ ಕಸುಬು. ಡೋಲನ್ನು ಊಟದ ಮೇಜಿನ ಮೇಲೆ ಮಲಗಿಸಿ ಹಿಂಬದಿಯ ಎಂಟು ಸ್ಕ್ರೂ ಬಿಚ್ಚಿದ.

"ಮೈಕು ಮರಕ್ಕೆ ತಾಗಬಾರದು ಭಾವ, ತಾಗಿದ್ರೆ ಗಡಗಡ ಅನ್ನತ್ತೆ. ನಾಲ್ಕು ಮೂಲೆಯಿಂದ ರಬ್ಬರ್ ಎಳೆದು ನಡುವೆ ತೂಗುಹಾಕ್ತೀನಿ," ಎನ್ನುತ್ತಾ ಹಲಗೆ ಎತ್ತಿದವನು ಅಲ್ಲೇ ನಿಂತುಬಿಟ್ಟ. "ಭಾವ, ಇಲ್ಲಿ ಆಗಲೇ ಏನೋ ಇದೆ."

ಒಳಗಿದ್ದದ್ದು ಒಂದು ದಿಂಬು. ಅಂತಿಂಥ ದಿಂಬಲ್ಲ. ಪೆಟ್ಟಿಗೆಯ ಅಳತೆಗೆ ಸರಿಯಾಗಿ ಕತ್ತರಿಸಿ, ಅಂಚಿಗೆ ಎರಡು ಸುತ್ತು ಹೊಲಿಗೆ ಹಾಕಿ, ಮೂಲೆಗಳನ್ನು ಗುಂಡಿಗಳಿಂದ ಬಿಗಿದ ಕಪ್ಪು ಬಟ್ಟೆಯ ದಿಂಬು. ಬಾರಿಸುವ ಹಲಗೆಗೆ ಬೆನ್ನು ಕೊಟ್ಟು ಹಾಯಾಗಿ ಒರಗಿತ್ತು. ಇಡೀ ಊರಿನ ಕಣ್ಣು ಸರಿಮಾಡುವ ಮನುಷ್ಯ ಹನ್ನೊಂದು ವರ್ಷ ಅದರ ಮೇಲೆಯೇ ಕೂತಿದ್ದರೂ ಕಂಡಿರಲಿಲ್ಲ. ತಮ್ಮನಾದವನು ಹೊಲಿಗೆಯ ಮೇಲೆ ಬೆರಳಾಡಿಸಿ, "ಇದು ಅಕ್ಕನ ಕೈಕೆಲಸ," ಎಂದ. ಅಕ್ಕ ಊರವರ ಸೋಫಾ, ಕುರ್ಚಿಗಳಿಗೆ ಮೆತ್ತೆ ಹೊಲಿಯುವವಳು. ಆ ಹೊಲಿಗೆ ಅಡಗಿಸಿದರೆ ಅಡಗುವಂಥದ್ದಲ್ಲ.

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಬಾಗಿಲಿಗೆ ಬಂದಳು.

"ಏನಿದು?" ಎಂದರು ಕನ್ನಡಕದವರು, ನ್ಯಾಯಾಧೀಶರ ಗಾಂಭೀರ್ಯದಿಂದ.

"ದಿಂಬು."

"ದಿಂಬು ಅಂತ ಗೊತ್ತು. ಇಲ್ಲಿ ಯಾಕಿದೆ?"

ಅವಳು ಸೆರಗಿಗೆ ಅಂಟಿದ್ದ ದಾರದ ಎಳೆ ತೆಗೆದಳು. "ನೀವು ಮನೇಲಿ ಬಡೀತಿದ್ರೆ ನಂಗೆ ತಲೆನೋವು ಬರ್ತಿತ್ತು. ಅದಕ್ಕೆ ಹಾಕ್ದೆ."

"ಹನ್ನೊಂದು ವರ್ಷ ನನ್ನ ಕಲೆಯ ಬಾಯಿಗೆ ಬಟ್ಟೆ ತುರುಕಿದ್ದು ನೀನಾ?"

"ಒಗೆದು ಹಾಕ್ತಿದ್ದೆ. ವರ್ಷಕ್ಕೆ ಎರಡು ಸಲ."

ಕನ್ನಡಕದವರಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಹಾಗಾದರೆ ತಪ್ಪು ಕೈಯದಲ್ಲ! ದಿಂಬನ್ನು ಎತ್ತಿ ಅವಳ ಹೊಲಿಗೆ ಮೇಜಿನ ಮೇಲೆ ಇಟ್ಟು ಬಂದು, ಭಾನುವಾರದವರೆಗೆ ಅವಳೊಡನೆ ಮಾತು ಬಿಟ್ಟರು. (ಉಪ್ಪು ಬೇಕಾದಾಗ ಮಾತ್ರ ಮಾತಾಡುತ್ತಿದ್ದರು.) ತಾಲೀಮಿಗೂ ಹೋಗಲಿಲ್ಲ, ಎಲ್ಲರಿಗೂ ಸಭೆಯಲ್ಲೇ ಅಚ್ಚರಿ ಕಾದಿರಲಿ ಎಂದುಕೊಂಡರು.

ಭಾನುವಾರ ಸಭಾಂಗಣ ತುಂಬಿತ್ತು. ಹೆಂಡತಿ ಮೂರನೇ ಸಾಲಿನಲ್ಲಿ ಕೂತಿದ್ದಳು. ಭಾವಮೈದ ಧ್ವನಿಯ ತಿರುಗಣೆಗಳ ಮುಂದೆ ಕೂತು ಹೆಬ್ಬೆರಳೆತ್ತಿದ. ಡೋಲಿನ ಪಕ್ಕದಲ್ಲಿ ಮೈಕಿನ ಹಸಿರು ದೀಪ ಹತ್ತಿತು. ಡಾಕ್ಟರು ಹಾಡು ಎತ್ತಿಕೊಂಡರು. ಕನ್ನಡಕದವರು ಅಂಗೈ ಇಳಿಸಿದರು.

ಕಿಟಕಿಯ ಗಾಜು ಅದುರಿತು. ಹಿಂದಿನ ಸಾಲಿನಲ್ಲಿ ಮಲಗಿದ್ದ ಮಗು ಎದ್ದು ಅಳತೊಡಗಿತು. ಜನ ನೆಟ್ಟಗೆ ಕೂತರು. ಆಹಾ, ಎಂದುಕೊಂಡರು ಕನ್ನಡಕದವರು. ಆದರೆ ಹಾಡಿನ ನಾಲ್ಕು ಸಾಲು ಕಳೆಯುವಷ್ಟರಲ್ಲಿ ಅವರ ಕಿವಿಗೂ ಒಂದು ವಿಷಯ ಬಿತ್ತು. ಹಾಡು ಮುಂದೆ ಹೋಗುತ್ತಿತ್ತು, ಡೋಲು ಬಸ್ಸು ತಪ್ಪಿದವರ ಹಾಗೆ ಹಿಂದೆ ಓಡುತ್ತಿತ್ತು. ಅವಸರ ಮಾಡಿದರೆ ಹಾಡನ್ನು ದಾಟಿ ಹೋಗುತ್ತಿತ್ತು. ತಮ್ಮ ಕೈಯನ್ನು ಅವರು ನಿಜವಾಗಿ ಕೇಳಿದ್ದು ಅದೇ ಮೊದಲು. ಡಾಕ್ಟರು ಹಾಡು ನಿಲ್ಲಿಸಿದಾಗ ಡೋಲಿನಲ್ಲಿ ಇನ್ನೂ ಎರಡು ಪೆಟ್ಟು ಉಳಿದಿದ್ದವು. ಅವೂ ಬಿದ್ದವು, ನಿಶ್ಶಬ್ದದ ನಡುವೆ, ಬಹಳ ಸ್ಪಷ್ಟವಾಗಿ.

ಎರಡನೇ ಹಾಡಿನ ನಡುವೆ ಹಸಿರು ದೀಪ ಮೆಲ್ಲಗೆ ಆರಿತು. ಭಾವಮೈದ ಬೇರೆಲ್ಲೋ ನೋಡುತ್ತಿದ್ದ. ಕನ್ನಡಕದವರು ಕಂಡೂ ಕಾಣದಂತೆ, ಬೆರಳ ತುದಿಯಿಂದ ಹಲಗೆ ಸವರುತ್ತಾ ಕೊನೆಯವರೆಗೂ ಕೂತರು. ಚಪ್ಪಾಳೆ ಜೋರಾಗಿ ಬಿತ್ತು. ಅವರಿಗೆ ಅಳು ಬರುವಂತಾಗಿತ್ತು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗದೆ ಹೊಲಿಗೆ ಕೋಣೆಗೆ ಬಂದರು. ದಿಂಬು ಇಟ್ಟಲ್ಲೇ ಇತ್ತು, ಒಗೆದು ಮಡಿಯಾಗಿ.

"ನಿಂಗೆ ತಲೆನೋವು ಬರ್ತಿತ್ತು ಅಂದಿದ್ದು ಸುಳ್ಳು ತಾನೇ?" ಎಂದರು.

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು: "ತಲೆನೋವು ನಿಜ. ದಿಂಬಿಗೆ ಅಳತೆ ಕೊಟ್ಟಿದ್ದು ಮಾತ್ರ ಡಾಕ್ಟ್ರು."

"ಡಾಕ್ಟ್ರಾ?"

"ಬಟ್ಟೆ ಆರಿಸಿದ್ದು ಪಿಟೀಲು ಮೇಡಂ. ಕಪ್ಪಾದ್ರೆ ತೂತಲ್ಲಿ ಕಾಣಲ್ಲ ಅಂದ್ರು." ಅವಳು ದಾರ ಕಡಿದಳು. "ಶುರುವಲ್ಲೇ ಇಬ್ರೂ ನಿಮ್ಮನ್ನ ವೃಂದದಿಂದ ಬಿಟ್ಬಿಡೋಣ ಅಂತ ಕೇಳೋಕೆ ಬಂದಿದ್ರು ರೀ. ತಾಲೀಮಿಗೆ ಹೊರಡೋ ದಿನ ನೀವು ಬೆಳಿಗ್ಗೆಯಿಂದ ಶಿಳ್ಳೆ ಹಾಕ್ತಿರ್ತೀರಿ. ಉಳಿದ ದಿನ ಎಲ್ಲಿ ಹಾಕ್ತೀರಿ? ಅದಕ್ಕೇ ಅಂದೆ, ಮನುಷ್ಯನ್ನ ಬಿಡ್ಬೇಡಿ, ಸದ್ದು ಕಮ್ಮಿ ಮಾಡೋಣ ಅಂತ."

ಕನ್ನಡಕದವರು ಮುರುಕು ಸೋಫಾದ ಮೇಲೆ ಕುಸಿದರು. ಹನ್ನೊಂದು ವರ್ಷ ಮೂವರು ಸೇರಿ ಈ ಗುಟ್ಟು ಕಾಪಾಡಿದ್ದರು. ನಾಚಿಕೆಯಾಯಿತು. ಅದರ ಅಡಿಯಲ್ಲೆಲ್ಲೋ, ಹೇಳಿಕೊಳ್ಳಲಾಗದಂಥ ಹಿತವೂ ಆಯಿತು.

ಅವರು ದಿಂಬನ್ನು ಕೈಗೆತ್ತಿಕೊಂಡರು. ಅಂಗಡಿಯಲ್ಲಿ ಗಾಜಿನ ದಪ್ಪ ನೋಡುವ ಹಾಗೆ ಬೆರಳುಗಳ ನಡುವೆ ಹಿಡಿದು ನೋಡಿದರು.

"ಒಂದು ಬೆರಳು ತೆಳ್ಳಗೆ ಮಾಡಕ್ಕಾಗತ್ತಾ?"

"ಅರ್ಧ ಬೆರಳು," ಎಂದಳು ಹೆಂಡತಿ. "ಅದೂ ಡಾಕ್ಟ್ರನ್ನ ಕೇಳ್ಕೊಂಡು."