ಪಂಪಿಗೆ ತೆಂಗಿನೆಣ್ಣೆ

ಚಕ್ರದ ಮೇಲೆ ಮನೆ ಕಟ್ಟಿಕೊಂಡು ತಿರುಗುವವರಿಗೆ ಊರಿಗೊಂದು ಫಜೀತಿ ತಪ್ಪಿದ್ದಲ್ಲ. ಅರುವತ್ತರ ದಶಕದಲ್ಲಿ ನಾನು ಅಂಥದ್ದೊಂದು ಗಾಡಿಯ ಡ್ರೈವರ್. ತಮ್ಮ ದೇಶಕ್ಕೆ ಮರಳಿದ ಬಿಳಿ ದೊರೆಯೊಬ್ಬರಿಂದ ನಮ್ಮ ಡಾಕ್ಟ್ರು ಕೊಂಡ ಹಳೆಯ ವ್ಯಾನು. ಒಳಗೆ ಮಂಚ, ಒಲೆ, ಮದ್ದಿನ ಕಪಾಟು. ಡಾಕ್ಟ್ರು, ನಾನು ಅಮ್ಮ ಎಂದೇ ಕರೆಯುತ್ತಿದ್ದ ಅವರ ಹೆಂಡತಿ ಮತ್ತು ನಾನು ಬಂಟ್ವಾಳದಿಂದ ಹೊರಟರೆ ಹಳ್ಳಿಹಳ್ಳಿಯಲ್ಲಿ ಬಿಡಾರ ಹೂಡಿ ರೋಗಿಗಳನ್ನು ನೋಡಿಕೊಂಡು ಬರುತ್ತಿದ್ದೆವು. ಗಾಡಿ ಚಿನ್ನದಂಥದ್ದು, ಸ್ಟೇರಿಂಗಿನ ಪಂಪೊಂದನ್ನು ಬಿಟ್ಟು. ಅದು ಎಣ್ಣೆ ನೂಕುತ್ತಿದ್ದರೆ ಸ್ಟೇರಿಂಗು ಬೆರಳಲ್ಲಿ ತಿರುಗುತ್ತಿತ್ತು. ಎಣ್ಣೆ ಸೋರಿಹೋದರೆ ಕಡೆಯುವ ಕಲ್ಲಿನಷ್ಟು ಭಾರ.

೧. ಹುಲ್ಲಿನ ರಾಶಿ

ಸಿದ್ಧಕಟ್ಟೆಯ ತಿರುವಿನಲ್ಲಿ ಒಮ್ಮೆ ರಸ್ತೆ ತಿರುಗಿತು, ನಾವು ತಿರುಗಲಿಲ್ಲ. ನೇರ ಒಂದು ಮನೆಯ ಅಂಗಳಕ್ಕೆ ಹೋಗಿ ಹುಲ್ಲಿನ ರಾಶಿಗೆ ಒರಗಿ ನಿಂತೆವು. ಮನೆಯವರು ಯಾಕೆ ಬಂದಿರಿ ಎಂದೂ ಕೇಳದೆ ಬೆಲ್ಲ, ನೀರು ತಂದಿಟ್ಟರು. ಅಂಗಳಕ್ಕೆ ಬಂದವರಿಗೆ ಮೊದಲು ಅದು, ಮಾತು ಆಮೇಲೆ. ನಾವು ನೀರು ಕುಡಿದು ಮುಗಿಸುವಷ್ಟರಲ್ಲಿ ಡಾಕ್ಟ್ರು ಬಂದಿದ್ದಾರೆಂದು ನೆರೆಕರೆಯವರೆಲ್ಲ ಸಾಲಾಗಿ ಕುಳಿತಿದ್ದರು. ಸಂಜೆ ಹೊರಡುವಾಗ ಮನೆಯ ಹಿರಿಯರು ಹೇಳಿದರು, "ಇನ್ನೊಮ್ಮೆ ಬರುವಾಗ ಮೊದಲೇ ತಿಳಿಸಿ ಡಾಕ್ಟ್ರೇ, ಹುಲ್ಲು ಬದಿಗೆ ಸರಿಸಿ ಇಡ್ತೇವೆ."

೨. ಶೀತ

ಧನು ತಿಂಗಳಲ್ಲಿ ಕಕ್ಕಿಂಜೆಯಲ್ಲಿ ಬಿಡಾರ. ಪಂಪು ದಾರಿಯುದ್ದಕ್ಕೂ ನರಳಿದ್ದನ್ನು ಕೇಳಿ ಅಮ್ಮನಿಗೆ ಕರುಳು ಚುರ್ ಎಂದಿತ್ತು. ನನಗೆ ಹೇಳದೆ, ತಾವು ತಲೆಗೆ ಹಚ್ಚುವ ಗಾಣದ ತೆಂಗಿನೆಣ್ಣೆಯನ್ನು ಅದಕ್ಕೆ ಹೊಯ್ದುಬಿಟ್ಟರು. ಘಾಟಿಯ ಬುಡದ ಚಳಿಗೆ ಬೆಳಗಾಗುವಾಗ ಎಣ್ಣೆ ಬೆಣ್ಣೆಯಾಗಿತ್ತು. ಸ್ಟೇರಿಂಗು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಡಾಕ್ಟ್ರು ಪಂಪಿಗೆ ಸ್ಟೆತಾಸ್ಕೋಪ್ ಇಟ್ಟು ಶೀತ ಎಂದರು. ಅಮ್ಮ ಬಿಸಿನೀರಿನ ಬಟ್ಟೆಯಿಂದ ಶಾಖ ಕೊಟ್ಟರು. ಎಣ್ಣೆ ಕರಗಿ ಹೇಗೋ ಮೂಡಬಿದ್ರೆ ಮುಟ್ಟಿದೆವು. ಅಲ್ಲಿಯ ಮೆಕ್ಯಾನಿಕ್ ಮುಚ್ಚಳ ತೆಗೆದು, ಮೂಸಿ, ನನ್ನ ಮುಖ ನೋಡಿದ. "ಇದರಲ್ಲಿ ಏನು ಕರಿದದ್ದು ಮಾರಾಯ?"

೩. ಗಿರಾಕಿ

ರೋಗಿಗಳಿಗಿಂತ ಪಂಪಿಗೇ ಹೆಚ್ಚು ಮದ್ದಾಯಿತೆಂದು ಡಾಕ್ಟ್ರಿಗೆ ಬೇಸರ ಬಂತು. ಗಾಡಿ ಕೊಡುವುದಾಗಿ ಮೂಡಬಿದ್ರೆಯ ವ್ಯಾಪಾರಿಯೊಬ್ಬರಿಗೆ ಮಾತು ಕೊಟ್ಟರು. ಕೊಟ್ಟ ಮಾತಿಗೆ ತಪ್ಪುವ ಜನ ಅವರಲ್ಲ. ಅಮ್ಮ ಕಪಾಟಿನ ಸೀಸೆಗಳನ್ನು ಮತ್ತೆ ಮತ್ತೆ ಒರಸುತ್ತಾ ಕುಳಿತರು. ಅದನ್ನು ನೋಡಿ ನನಗೂ ದುಃಖ ಉಕ್ಕಿ ಬಂತು. ಆ ಗಾಡಿ ಬಿಟ್ಟರೆ ನಮ್ಮ ಮೂವರಿಗೂ ಬೇರೆ ಮನೆ ಎಂಬುದೇ ಇರಲಿಲ್ಲ.

ಅದೇ ಚಳಿಗಾಲ ನಾವು ಮತ್ತೆ ಕಕ್ಕಿಂಜೆಯಲ್ಲಿ ಬಿಡಾರ ಹೂಡಿದ್ದಾಗ ವ್ಯಾಪಾರಿ ಅಲ್ಲಿಗೇ ಬಂದು ನೋಡುವುದೆಂದಾಯಿತು. ಬಿಸಿಲು ಏರುವ ಮೊದಲೇ ಬನ್ನಿ ಎಂದು ಡಾಕ್ಟ್ರೇ ಹೇಳಿ ಕಳುಹಿಸಿದ್ದರು. ಹಿಂದಿನ ಸಂಜೆ ನಾನು ಪಂಪಿಗೆ ಸರಿಯಾದ ಎಣ್ಣೆಯನ್ನೇ ತುಂಬಿಸಿದ್ದೆ. ಆದರೂ ಬೆಳಿಗ್ಗೆ ಆ ಮನುಷ್ಯ ಸ್ಟೇರಿಂಗು ಹಿಡಿದು ಜಗ್ಗಿ ಜಗ್ಗಿ ಮುಖ ಕೆಂಪು ಮಾಡಿಕೊಂಡರು. "ಇದು ನನ್ನಿಂದ ಆಗುವ ಕೆಲಸ ಅಲ್ಲ ಡಾಕ್ಟ್ರೇ," ಎಂದು ಕೈಮುಗಿದು ಬಸ್ಸು ಹತ್ತಿದರು.

ನಾನು ಮುಚ್ಚಳ ತೆಗೆದು ನೋಡಿದೆ. ಒಳಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅಷ್ಟರಲ್ಲಿ ಅಮ್ಮ ಖಾಲಿ ಸೀಸೆ ಹಿಡಿದುಕೊಂಡು ಹೊರಗೆ ಬಂದರು. "ನನ್ನ ತೆಂಗಿನೆಣ್ಣೆ ಯಾರು ಮುಗಿಸಿದ್ದು?"

"ನಾನೇ," ಎಂದರು ಡಾಕ್ಟ್ರು, ಗಾಡಿಯ ಆಚೆ ಬದಿಯಿಂದ. "ಕೂದಲಿಗೆ ಹಚ್ಚಿಕೊಂಡೆ."

ಅಮ್ಮ ಅವರ ನುಣ್ಣನೆಯ ಬೋಳುತಲೆಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಒಳಗೆ ಹೋಗಿ ಪಂಪಿನ ಶಾಖಕ್ಕೆ ನೀರು ಕಾಯಲು ಇಟ್ಟರು.