ಪ್ರಸನ್ನನ ಎಂಟು ಆಡು

ಇಷ್ಟಕ್ಕೆಲ್ಲ ಕಾರಣ ಒಂದು ‘ಹ’. ಮಂಡ್ಯದ ಸೀಮೆಯಲ್ಲಿ ಈ ಅಕ್ಷರ ಶಾಲೆಯ ಗೋಡೆಯ ಮೇಲಿದೆ, ಪುಸ್ತಕದಲ್ಲಿದೆ, ಜನರ ಬಾಯಲ್ಲಿ ಮಾತ್ರ ಇಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹೂವು ಊವಾಗುತ್ತದೆ, ಹಾಡು ಆಡಾಗುತ್ತದೆ. ಇದರಿಂದ ಇಷ್ಟು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಶುರುವಾದದ್ದು ಮಳವಳ್ಳಿಯ ಪ್ರಸನ್ನ ಆ ಭಾನುವಾರ ಬೆಳಗ್ಗೆ ಏಳು ಗಂಟೆಗೆ ತನ್ನ ಫೋನಿನ ಜೊತೆ ಮಾತಾಡಿದಾಗ.

ಪ್ರಸನ್ನ ಊರಿನ ಒಂದು ಕಾಲೇಜಿನಲ್ಲಿ ಗುಮಾಸ್ತ. ವಯಸ್ಸು ನಲವತ್ತಾರು. ವಾರಕ್ಕೆ ಆರು ದಿನ ಫೈಲು, ಗಣೇಶನ ಹಬ್ಬ ಬಂದರೆ ಮದ್ದೂರಿನ ಆರ್ಕೆಸ್ಟ್ರಾದಲ್ಲಿ ಹಾಡು. ಇಪ್ಪತ್ತೈದು ವರ್ಷದಿಂದ ಹಾಡಿದ್ದೆಲ್ಲ ಬೇರೆಯವರ ಹಾಡೇ. ಆಫೀಸಿನ ಮೇಜಿನ ಖಾನೆಯಲ್ಲಿ ದಪ್ಪನೆಯ ನೋಟ್‌ಬುಕ್ಕೊಂದಿತ್ತು. ಅದರ ತುಂಬ ಗಾಯಕರ ಜೀವನಕತೆಗಳು, ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ್ದು. ಯಾವ ಧ್ವನಿಸುರುಳಿ ಯಾವ ಇಸವಿಯಲ್ಲಿ ಬಂತು, ಯಾವ ಗಾಯಕ ಸ್ಟುಡಿಯೋ ಬಾಗಿಲಿನಿಂದ ಎಷ್ಟು ಸಲ ವಾಪಸ್ಸು ಬಂದ, ಯಾರು ಬಾಡಿಗೆ ರೂಮಿನಲ್ಲಿ ಬನ್ನು ತಿಂದುಕೊಂಡು ಆರು ತಿಂಗಳು ಕಳೆದರು, ಎಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಟಿ.ಸಿ. ಕೇಳಲು ಬಂದ ಹುಡುಗರು ಮೊದಲು ಒಂದು ಕ್ಯಾಸೆಟ್ಟಿನ ಚರಿತ್ರೆ ಕೇಳಿಸಿಕೊಂಡೇ ಹೋಗಬೇಕಿತ್ತು.

ಆ ಕತೆಗಳಿಂದ ಅವನು ಕಂಡುಕೊಂಡ ಸತ್ಯವೊಂದಿತ್ತು. ದೊಡ್ಡ ಗಾಯಕರ ಬದುಕಿನ ಮೊದಲ ಪುಟದಲ್ಲಿ ಒಬ್ಬ ಅಪ್ಪ ಇರುತ್ತಾನೆ. ಆ ಅಪ್ಪ ಒಂದು ಕಟುವಾದ ಮಾತು ಹೇಳುತ್ತಾನೆ. ಮಗ ಆ ಮಾತನ್ನು ಗೆದ್ದು ತೋರಿಸುತ್ತಾನೆ. ದೇವರ ದಯದಿಂದ ಪ್ರಸನ್ನನಿಗೂ ಅಂಥದೊಂದು ಮಾತು ಸಿಕ್ಕಿತ್ತು.

ಅವನ ಅಪ್ಪ ಕೆಂಪಸಿದ್ದಯ್ಯ ಶಿವನಸಮುದ್ರದ ಪಕ್ಕದ ಹಳ್ಳಿಯವನು. ಮಂದೆ ಕಾಯ್ದುಕೊಂಡೇ ಇಬ್ಬರು ಗಂಡುಮಕ್ಕಳನ್ನು ಓದಿಸಿದವನು. ಮಾತು ಕಡಿಮೆ. ಡಿಗ್ರಿ ಮುಗಿಸಿ ಕೆಲಸವಿಲ್ಲದ ದಿನಗಳಲ್ಲಿ ಪ್ರಸನ್ನ ಬೆಳಗ್ಗೆ ಪಕ್ಕದ ಮನೆಯ ಚಿಕ್ಕಣ್ಣನ ಮಂದೆಯ ಹಿಂದೆ ಕೂಲಿಗೆ ಹೋಗಿ, ಸಂಜೆ ಸೈಕಲ್ ಹತ್ತಿ ಆರ್ಕೆಸ್ಟ್ರಾಕ್ಕೆ ಓಡುತ್ತಿದ್ದ. ಹಾಗೆ ಓಡುತ್ತಿದ್ದಾಗ ಒಂದು ದಿನ ಅಪ್ಪ ತಡೆದು ಹೇಳಿದ್ದ:

“ಇನ್ನೊಬ್ರ ಆಡು ಇಡ್ಕೊಂಡು ಏಸು ದಿನ ಅಂತ ಅಲೀತೀಯ? ನಿಂದೇ ಒಂದು ಆಡು ಕಟ್ಟು. ಅವತ್ತು ನಾನೇ ಬಂದು ನೋಡ್ತೀನಿ.”

ಮಾತು ಎದೆಗೆ ನಾಟಿತು. ಅಪ್ಪ ಮಗನಿಗೆ ಜಗಳವೇನೂ ಆಗಲಿಲ್ಲ. ಹಬ್ಬಕ್ಕೆ ಹೋಗುವುದು, ಬರುವುದು ಎಲ್ಲ ಇತ್ತು. ಆದರೆ ಕೆಂಪಸಿದ್ದಯ್ಯ ಮಗನ ಹಾಡು ಕೇಳಲು ಒಂದು ದಿನವೂ ಬರಲಿಲ್ಲ, ಮಗ ಕರೆಯಲೂ ಇಲ್ಲ. ಸ್ವಂತ ಹಾಡು ಕಟ್ಟಿದ ಮೇಲೆಯೇ ಕರೆಯುವುದೆಂದು ಅವನ ಹಟ. ಕಟ್ಟಲು ಇಪ್ಪತ್ತೈದು ವರ್ಷ ಹಿಡಿಯಿತು. ಈಗ ಎಂಟು ಹಾಡುಗಳ ಆಲ್ಬಂ ಸಿದ್ಧವಾಗಿತ್ತು. ಹೆಸರು ‘ಅಪ್ಪನ ಮಾತು’. ಅಪ್ಪನ ಕೈಯಿಂದಲೇ ಬಿಡುಗಡೆ.

ಮಂಡ್ಯದ ಸ್ಟುಡಿಯೋದಲ್ಲಿ ಅದನ್ನು ರೆಕಾರ್ಡ್ ಮಾಡಿದ ಸ್ವರೂಪ್ ಪ್ರಸನ್ನನ ‘ಹ’ಕ್ಕಾಗಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಬಾಯಿಯ ಮುಂದೆ ಮೇಣದಬತ್ತಿ ಹಚ್ಚಿಟ್ಟು, ‘ಹ’ ಅಂದರೆ ಜ್ವಾಲೆ ಅಲ್ಲಾಡಬೇಕು ಎಂದು ಕಟ್ಟಪ್ಪಣೆ ಮಾಡಿದ್ದ. ಹತ್ತೊಂಬತ್ತು ಮೇಣದಬತ್ತಿ ಕರಗಿದ ಮೇಲೆ ಜ್ವಾಲೆ ಅಲ್ಲಾಡಿತು. ಸ್ಟುಡಿಯೋದಿಂದ ಹೊರಗೆ ಬಂದೊಡನೆ ‘ಹ’ ಮತ್ತೆ ಎಲ್ಲಿಗೋ ಹೋಯಿತು.

ಅಂಥ ಬಾಯಿಂದಲೇ ಪ್ರಸನ್ನ ಆ ಬೆಳಗ್ಗೆ ಫೋನಿಗೆ ಆಹ್ವಾನ ಹೇಳಿದ. ಕನ್ನಡ ಟೈಪ್ ಮಾಡಲು ಅವನಿಗೆ ಬಾರದು. ಮಾತಾಡಿದರೆ ಫೋನೇ ಬರೆದುಕೊಳ್ಳುತ್ತಿತ್ತು. ಫೋನು ಪ್ರಾಮಾಣಿಕವಾದದ್ದು. ಕೇಳಿದ್ದನ್ನು ಕೇಳಿದಂತೆ ಬರೆಯಿತು: “ಇವತ್ತು ಅನ್ನೊಂದು ಗಂಟೆಗೆ ಸಮುದಾಯ ಭವನದಲ್ಲಿ ನನ್ನ ಎಂಟು ಆಡು ಬಿಡುಗಡೆ. ಮನೆಮಂದಿ ಎಲ್ಲ ಬನ್ನಿ. ಊಟ ಮಾಡ್ಕೊಂಡೇ ಓಗಬೇಕು.” ಓದದೆ ಎಲ್ಲ ಗ್ರೂಪಿಗೂ ಕಳಿಸಿಬಿಟ್ಟ.

ಐದು ನಿಮಿಷಕ್ಕೆ ಪಕ್ಕದ ಮನೆಯ ಮರಿಸಿದ್ದಯ್ಯ ಕಾಂಪೌಂಡಿನ ಮೇಲೆ ತಲೆಯಿಟ್ಟ. ಬಸ್ ಕಂಡಕ್ಟರಾಗಿ ನಿವೃತ್ತನಾದವನು, ಯಾರ ಮನೆಯ ವಿಷಯವೂ ಅವನಿಂದ ಟಿಕೆಟ್ ತೆಗೆದುಕೊಳ್ಳದೆ ಮುಂದೆ ಹೋಗುವಂತಿಲ್ಲ. ಎಂಟೂ ಮರಿಗಳೋ ಬೆಳೆದವೋ ಎಂದು ವಿಚಾರಿಸಿದ. ಹೊಸವು ಎಂದ ಪ್ರಸನ್ನ. ಸಾರಿಗೆ ಮರಿಯೇ ಮೇಲು ಎಂದು ಮರಿಸಿದ್ದಯ್ಯ ತಲೆದೂಗಿದಾಗ ಪ್ರಸನ್ನನಿಗೆ ಅನುಮಾನ ಬಂತು. ಫೋನು ತೆಗೆದು ನೋಡಿದ. ಹಾಡು ಇರಬೇಕಾದಲ್ಲಿ ಆಡು ಇತ್ತು. ಕೂಡಲೇ ಬಾಯಿಯ ಹತ್ತಿರ ಹಿಡಿದು ತಿದ್ದುಪಡಿ ಹೇಳಿ ಕಳಿಸಿದ. ಗ್ರೂಪುಗಳಲ್ಲಿ ಕಾಣಿಸಿಕೊಂಡದ್ದು ಹೀಗೆ: “ಆಡು ಅಲ್ಲ, ಆಡು. ದಯವಿಟ್ಟು ಗಮನಿಸಿ.”

ಜನ ಗಮನಿಸಿದರು. ಎರಡು ಸಲ ಹೇಳಿದ್ದಾನೆಂದರೆ ಊಟ ಜೋರಾಗಿಯೇ ಇರಬೇಕು ಎಂದುಕೊಂಡರು. ‘ಬಿಡುಗಡೆ’ ಅಂದರೇನು ಎಂದು ಯಾರೋ ಕೇಳಿದ್ದಕ್ಕೆ ಮರಿಸಿದ್ದಯ್ಯ, ಜೀವದಿಂದ ಬಿಡುಗಡೆ, ಅಷ್ಟೂ ತಿಳಿಯುವುದಿಲ್ಲವೇ ಎಂದು ಉತ್ತರ ಕೊಟ್ಟಿದ್ದ.

ಮತ್ತೊಮ್ಮೆ ತಿದ್ದಲು ಪ್ರಸನ್ನ ಫೋನು ಎತ್ತಿದ್ದ. ಅಷ್ಟರಲ್ಲಿ ಊರಿನಿಂದ ಅಣ್ಣನ ಮಗಳು ಶೋಭಿತಾ ಫೋನು ಮಾಡಿದಳು. ಮೆಸೇಜನ್ನು ತಾತನಿಗೆ ಓದಿ ಹೇಳಿದೆ, ತಾತ ಎರಡು ಸಲ ಓದಿಸಿಕೊಂಡು ಪಂಚೆ ಬದಲಾಯಿಸಿದ, ಅಜ್ಜಿಯನ್ನೂ ಕರೆದುಕೊಂಡು ಆಟೋದಲ್ಲಿ ಬರುತ್ತಾನಂತೆ ಎಂದಳು. ಪ್ರಸನ್ನನಿಗೆ ಆಡೂ ಮರೆತುಹೋಯಿತು, ಊರೂ ಮರೆತುಹೋಯಿತು. ಅಪ್ಪ ಬರುತ್ತಿದ್ದಾನೆ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ಅತ್ತು ಬಂದ.

ಅವನ ಹೆಂಡತಿ ಶಶಿರೇಖಾ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಗಂಡ ಅವಳನ್ನು ಪ್ರೀತಿಯಿಂದ ಸಸಿ ಎನ್ನುತ್ತಿದ್ದ. ಮದುವೆಯಾಗಿ ಹದಿನೆಂಟು ವರ್ಷವಾದರೂ ಅವಳು ಬೆಳೆದು ಗಿಡವಾಗಿರಲಿಲ್ಲ. ಅಡುಗೆಯ ಉಸ್ತುವಾರಿಗೆಂದು ಬೆಳಗ್ಗೆಯೇ ಭವನಕ್ಕೆ ಹೋಗಿದ್ದಳು. ಮೆಸ್ಸಿನ ಅಂಕಮ್ಮ ಅರವತ್ತು ಜನಕ್ಕೆ ಉಪ್ಪಿಟ್ಟು, ಕೇಸರಿಬಾತು ಮಾಡಿಟ್ಟಿದ್ದಳು. ಹತ್ತೂವರೆಗೆ ಮುನ್ನೂರು ಜನ ಸೇರಿದ್ದರು. ಕೆಲವರ ಕೈಯಲ್ಲಿ ಟಿಫಿನ್ ಕ್ಯಾರಿಯರ್ ಇತ್ತು.

ಆಟೋದಿಂದ ಕೆಂಪಸಿದ್ದಯ್ಯ ಇಳಿದ. ಎಂಬತ್ತರ ಹತ್ತಿರದ ಒಣಗಿದ ದೇಹ, ಒಗೆದ ಬಿಳಿ ಅಂಗಿ. ಒಂದು ಕಂಕುಳಲ್ಲಿ ಹಲಸಿನ ಸೊಪ್ಪಿನ ದೊಡ್ಡ ಹೊರೆ, ಇನ್ನೊಂದು ಕೈಯಲ್ಲಿ ಹೊಸದಾಗಿ ಹೊಸೆದ ಎಂಟು ಹಗ್ಗದ ತುಂಡು. ಎರಡನ್ನೂ ಮಗನ ಕೈಗಿಟ್ಟು, “ತಕ್ಕೊ, ಕಟ್ಟು,” ಎಂದ.

ಪ್ರಸನ್ನ ಕಾಲಿಗೆ ಬಿದ್ದ. ವೇದಿಕೆಗೆ ತೋರಣ ಬೇಕಾದೀತು, ಬ್ಯಾನರಿಗೆ ಹಗ್ಗ ಬೇಕಾದೀತು ಎಂದು ಅಪ್ಪ ಎಷ್ಟೆಲ್ಲ ಯೋಚಿಸಿದ್ದಾನೆ. ತಾನೇ ಕುರ್ಚಿ ಹತ್ತಿ ಸೊಪ್ಪನ್ನು ವೇದಿಕೆಯ ಉದ್ದಕ್ಕೂ ಕಟ್ಟಿದ. ಕೆಳಗೆ ನಿಂತು ನೋಡುತ್ತಿದ್ದ ಕೆಂಪಸಿದ್ದಯ್ಯ, ಅಷ್ಟೆತ್ತರಕ್ಕೆ ಕಟ್ಟಿದರೆ ಎಟುಕುವುದಿಲ್ಲ, ತಗ್ಗಿಸು ಎಂದ. ಅಪ್ಪನಿಗೆ ಅಲಂಕಾರದ ಕಣ್ಣೂ ಇದೆಯೆಂದು ಪ್ರಸನ್ನನಿಗೆ ಅವತ್ತೇ ಗೊತ್ತಾದದ್ದು. ಸೊಂಟದ ಮಟ್ಟಕ್ಕೆ ಇಳಿಸಿದ. ಅವ್ವ ಪಟ್ಟಲಮ್ಮ ಮಾತ್ರ ಒಳಗೆ ಬರಲಿಲ್ಲ. ತನಗೆ ಹಿಂದುಗಡೆಯ ಬೇವಿನ ಮರದ ನೆರಳೇ ಸಾಕು ಎಂದು ಆಟೋವನ್ನು ಅತ್ತ ತಿರುಗಿಸಿಕೊಂಡು ಹೋಗಿದ್ದಳು.

ಅಷ್ಟರಲ್ಲಿ ಮರಿಸಿದ್ದಯ್ಯ ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ನೋಡಿ, ಅಂಕಮ್ಮನಿಂದ ಸೌಟು ತೋರಿಸಿಕೊಂಡು ಹೊರಬಿದ್ದಿದ್ದ. ಬರೀ ಉಪ್ಪಿಟ್ಟು, ಕೇಸರಿಬಾತು ಎಂದು ಸಭೆಯಲ್ಲಿ ಗುಸುಗುಸು ಎದ್ದಿತು. ಮರಿಸಿದ್ದಯ್ಯ ಭವನದ ಹಿಂದಕ್ಕೆ ಒಂದು ಸುತ್ತು ಹಾಕಿ ಬಂದು, ಬೇವಿನ ಮರದ ಹತ್ತಿರ ಒಂದು ಕಂಡಿತು, ಉಳಿದ ಏಳು ದಾರಿಯಲ್ಲಿರಬೇಕು ಎಂದು ವರದಿ ಒಪ್ಪಿಸಿದ ಮೇಲೆ ಜನ ಸಮಾಧಾನದಿಂದ ಕುಳಿತರು.

ಹನ್ನೊಂದಕ್ಕೆ ಪ್ರಸನ್ನ ಮೈಕು ಹಿಡಿದ. ಗಾಯಕರ ಬದುಕಿನಲ್ಲಿ ಅಪ್ಪಂದಿರ ಪಾತ್ರ ಎಂಬ ವಿಷಯವಾಗಿ ಇಪ್ಪತ್ತು ನಿಮಿಷ ಮಾತಾಡಿದ. ಜನರ ಕಣ್ಣೆಲ್ಲ ಬಾಗಿಲ ಕಡೆಗಿತ್ತು. ಆಮೇಲೆ ಅಪ್ಪನ ಮುಂದೆ ತಟ್ಟೆ ಹಿಡಿದ. ಹಿಂದಿನ ಕಾಲವಾಗಿದ್ದರೆ ತಟ್ಟೆಯಲ್ಲಿ ಕ್ಯಾಸೆಟ್ಟಿರುತ್ತಿತ್ತು, ನಡುವಿನ ಕಾಲವಾಗಿದ್ದರೆ ಸಿ.ಡಿ. ಈಗ ಆಲ್ಬಂ ಎನ್ನುವುದು ಕೈಗೇ ಸಿಗುವುದಿಲ್ಲವಾದ್ದರಿಂದ ಪ್ರಸನ್ನ ಒಂದು ಪೆನ್ ಡ್ರೈವನ್ನು ಜರಿ ಕಾಗದದಲ್ಲಿ ಸುತ್ತಿಟ್ಟಿದ್ದ. ಕೆಂಪಸಿದ್ದಯ್ಯ ಕಾಗದ ಬಿಚ್ಚಿ, ಬೆರಳುದ್ದದ ಆ ವಸ್ತುವನ್ನು ತಿರುಗಿಸಿ ನೋಡಿದ.

“ಆಡು ಎಲ್ಲಿ ಅವ್ಲಾ?”

“ಇದ್ರೊಳಗೇ ಅವೆ ಕಣಪ್ಪ.”

“ಎಂಟೂ?”

“ಎಂಟೂ.”

ಕೆಂಪಸಿದ್ದಯ್ಯ ಮಗನ ಮುಖ ನೋಡಿದ. ಶಶಿರೇಖಾಳ ಮುಖ ನೋಡಿದ. ಮಗನಿಗೆ ಏನೋ ಆಗಿದೆ, ಸೊಸೆ ಹೇಳಿಲ್ಲ ಎಂಬ ಆತಂಕ ಆ ಕಣ್ಣಿನಲ್ಲಿತ್ತು. ಅಷ್ಟರಲ್ಲಿ ಸ್ವರೂಪ್ ಮೊದಲ ಹಾಡು ಹಾಕಿದ. ಸ್ಪೀಕರಿನಿಂದ ಪ್ರಸನ್ನನ ದನಿ ತುಂಬಿ ಬಂತು: ‘ನಿನ್ನದೇ ಹಾಡೊಂದ ಕಟ್ಟೋ ಮಗನೆ, ಅಂದಾನೊ ನಮ್ಮಪ್ಪ...’ ಹತ್ತೊಂಬತ್ತು ಮೇಣದಬತ್ತಿಯ ‘ಹ’ ಅದು. ಕೊನೆಯ ಸಾಲಿನ ಕುರ್ಚಿಗೂ ಸ್ಪಷ್ಟವಾಗಿ ಕೇಳಿಸಿತು.

ಕೆಂಪಸಿದ್ದಯ್ಯ ಕೈ ಎತ್ತಿದ. ಹಾಡು ನಿಂತಿತು.

“ಯಾವ ಅಪ್ಪನ್ಲಾ ಅಂಗಂದೋನು?”

“ನೀನೇ ಕಣಪ್ಪ. ಇನ್ನೊಬ್ರ ಆಡು ಇಡ್ಕೊಂಡು ಅಲೀಬ್ಯಾಡ, ನಿಂದೇ ಒಂದು ಆಡು ಕಟ್ಟು ಅಂದಿದ್ದೆ. ಅದ್ಕೇ ಕಟ್ಟಿದೀನಿ.”

ಮುದುಕ ಪೆನ್ ಡ್ರೈವನ್ನು ತಟ್ಟೆಗೆ ವಾಪಸ್ಸಿಟ್ಟ. ಮೈಕು ಅವನ ಬಾಯಿಯ ಹತ್ತಿರವೇ ಇದ್ದುದರಿಂದ ಅವನು ಉಸಿರೆಳೆದದ್ದೂ ಸಭೆಗೆ ಕೇಳಿಸಿತು.

“ನಾನು ಏಳಿದ್ದು ಆಡು ಕಣ್ಲಾ,” ಎಂದ ಮೆಲ್ಲಗೆ. “ಮ್ಯಾ ಅಂತದಲ್ಲ, ಅದು. ಚಿಕ್ಕಣ್ಣನ ಆಡು ಇಡ್ಕೊಂಡು ಬಿಸ್ಲಲ್ಲಿ ಅಲೀತಿದ್ದೆ. ನಿಂದು ಅಂತ ಒಂದಿರ್ಲಿ ಅಂತ ಅಂದೆ. ಕೇಳ್ತೀನಿ ಅಂದ್ನಾ? ನೋಡ್ತೀನಿ ಅಂದೆ.”

ಪ್ರಸನ್ನ ವೇದಿಕೆಯ ಅಂಚಿನಲ್ಲಿ ಕುಳಿತುಬಿಟ್ಟ. ಇಪ್ಪತ್ತೈದು ವರ್ಷದ ಹಟ, ಎಂಟು ಹಾಡು, ಒಂದು ಆಲ್ಬಂ, ಎಲ್ಲ ಒಂದು ಮೇಕೆಯ ಬೆನ್ನ ಮೇಲೆ ನಿಂತಿದ್ದವು. ಎಂಟು ಆಡು ಕಟ್ಟಿದ ಮಗ ಹೊಸ ದೊಡ್ಡಿಗೆ ಅವನ್ನು ಬಿಡುವ ಶಾಸ್ತ್ರಕ್ಕೆ ಕರೆದಿದ್ದಾನೆಂದು ಅಪ್ಪ ಬಂದಿದ್ದ. ಹಗ್ಗ ಅವುಗಳ ಕೊರಳಿಗೆ, ಸೊಪ್ಪು ಅವುಗಳ ಹೊಟ್ಟೆಗೆ. ಅವನ ನೋಟ್‌ಬುಕ್ಕಿನ ಯಾವ ಗಾಯಕನಿಗೂ ಇಂಥ ಗತಿ ಬಂದಿರಲಿಲ್ಲ. ಸಭೆ ಮೊದಲು ನಕ್ಕಿತು, ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿತು. ಮರಿಸಿದ್ದಯ್ಯ ಕೂಡ ಟಿಫಿನ್ ಕ್ಯಾರಿಯರನ್ನು ಕುರ್ಚಿಯ ಕೆಳಗೆ ತಳ್ಳಿದ.

ಕೆಂಪಸಿದ್ದಯ್ಯ ಮಗನನ್ನು ನೋಡಿದ. ಮೇಲುಹೊದಿಕೆ ಸರಿಮಾಡಿಕೊಂಡು ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತು, “ಎಂಟು ಅಂದ್ಯಲ್ಲ, ಆಕು. ಎಲ್ಲಾನೂ ಕೇಳೇ ಓಗ್ತೀನಿ,” ಎಂದ.

ಏಳು ಹಾಡು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಉಳಿದದ್ದು ಕೊನೆಯದು. ಊರಲ್ಲಿ ಸಂಜೆ ಅಪ್ಪ ಮಂದೆಯನ್ನು ಕರೆಯಲು ಹಾಕುವ ಸಿಳ್ಳೆಯ ಧಾಟಿಯಲ್ಲಿ ಪ್ರಸನ್ನ ಕಟ್ಟಿದ್ದ ಹಾಡು. ಅವನು ಎದ್ದು ನಿಂತು ಬರಿಬಾಯಲ್ಲೇ ಹಾಡಿದ. ಮೇಣದಬತ್ತಿಯ ‘ಹ’ಗಳೆಲ್ಲ ಹಾರಿಹೋದವು. ಊವು, ಅಳ್ಳಿ, ಒಲ, ಆಡು ಎಂದೇ ಹಾಡಿದ. ಎಷ್ಟೋ ವರ್ಷದ ಮೇಲೆ ಅವನ ದನಿ ಅವನದೇ ಮನೆಗೆ ಬಂದಂತಿತ್ತು. ಕೆಂಪಸಿದ್ದಯ್ಯನ ತುಟಿ ತಾನಾಗಿ ಸಿಳ್ಳೆಗೆ ಚೂಪಾಯಿತು.

ಆ ಧಾಟಿ ಬೇವಿನ ಮರದವರೆಗೂ ಹೋಯಿತು. ಎಂಟರ ಜೊತೆ ಒಂಬತ್ತಾಗಲಿ ಎಂದು ಮಗನಿಗಾಗಿ ಅಪ್ಪ ಆಟೋದಲ್ಲಿ ಕರೆತಂದಿದ್ದ ಕಪ್ಪು ಬಿಳಿ ಮಚ್ಚೆಯ ಆಡೊಂದು, ಯಜಮಾನ ಕರೆಯುತ್ತಿದ್ದಾನೆಂದು ತಿಳಿದು ಪಟ್ಟಲಮ್ಮನ ಕೈಯಿಂದ ಹಗ್ಗ ಕಿತ್ತುಕೊಂಡು ಬಂತು. ಕೊರಳ ಗಂಟೆ ಅಲ್ಲಾಡಿಸುತ್ತ ಸಭೆಯ ನಡುವೆ ನಡೆದು, ವೇದಿಕೆ ಹತ್ತಿ, ಹಾಡುತ್ತಿದ್ದ ಪ್ರಸನ್ನನ ಮಗ್ಗುಲಲ್ಲಿ ನಿಂತು ತೋರಣ ತಿನ್ನತೊಡಗಿತು. ಸೊಂಟದ ಮಟ್ಟಕ್ಕೆ ಇಳಿಸಿದ್ದರಿಂದ ಸರಿಯಾಗಿ ಎಟುಕಿತು. ಪ್ರಸನ್ನ ಹಾಡು ನಿಲ್ಲಿಸಲಿಲ್ಲ.

ಹಾಡು ಮುಗಿದಾಗ ಕೆಂಪಸಿದ್ದಯ್ಯ ವೇದಿಕೆಯನ್ನೇ ನೋಡುತ್ತ ಕುಳಿತಿದ್ದ. ಕಣ್ಣು ತೇವವಾಗಿತ್ತು. ಆಮೇಲೆ, ಇಪ್ಪತ್ತೈದು ವರ್ಷದಿಂದ ಪ್ರಸನ್ನ ಕಾಯುತ್ತಿದ್ದ ಮಾತು ಬಂತು.

“ಆಡು ಚೆನ್ನಾಗದೆ ಕಣ್ಲಾ.”

ಅಷ್ಟು ಹೇಳಿ ಎದ್ದು ಕೇಸರಿಬಾತಿನ ಕಡೆ ನಡೆದ. ಅರವತ್ತು ಜನದ ಕೇಸರಿಬಾತು ಮುನ್ನೂರು ಜನಕ್ಕೆ ಬೆರಳಿಗೆ ಅಂಟುವಷ್ಟು ಬಂತು. ಬರುವ ಭಾನುವಾರ ಪ್ರಸನ್ನ ನಿಜವಾದ ಊಟ ಹಾಕಿಸುತ್ತಾನೆಂದು ಮರಿಸಿದ್ದಯ್ಯ ಯಾರನ್ನೂ ಕೇಳದೆ ಸಾರಿದ. ಹಾಗೆ ಸಾರುವಾಗ ಅವನ ಕಣ್ಣು ಮಚ್ಚೆಯ ಆಡಿನ ಮೇಲೇ ಇದ್ದುದರಿಂದ ಪ್ರಸನ್ನ ಅದನ್ನು ಅಪ್ಪಿಕೊಂಡೇ ಮನೆಗೆ ತಂದ.

ಸಂಜೆ ಬಾಡಿಗೆ ಮನೆಯ ಗೇಟಿಗೆ ಅಪ್ಪ ಹೊಸೆದ ಹಗ್ಗದಿಂದ ಅದನ್ನು ಕಟ್ಟಿದ. ಅಂತೂ ಅಪ್ಪನ ಮಾತು ನಡೆದಂತಾಯಿತು. ಕಟ್ಟಿ, ಮೆಟ್ಟಿಲ ಮೇಲೆ ಕುಳಿತು, ಹೆಂಡತಿಯನ್ನು ಕೇಳಿದ:

“ಸಸಿ, ಅಪ್ಪ ಚೆನ್ನಾಗದೆ ಅಂದದ್ದು ಯಾವುದ್ನ? ಆ ಅಕ್ಸರ ಇತ್ತಾ?”

“ನಿಮ್ಮ ಅಪ್ಪನ ಬಾಯಲ್ಲಿ ‘ಹ’ ಯಾವತ್ತು ಇತ್ತು?” ಎಂದು ಶಶಿರೇಖಾ ಅವನ ಪಕ್ಕದಲ್ಲಿ ಕುಳಿತಳು.

ಆಡು ಮಾತ್ರ ತನಗೆ ಅನುಮಾನವೇ ಇಲ್ಲವೆಂಬಂತೆ ‘ಮ್ಯಾ’ ಎಂದಿತು.