ತವರಿಗೂ ಟಿಕೆಟ್ಟಾ?

ಸುಲ್ತಾನ್ ಬಜಾರಿನಿಂದ ಗಚ್ಚಿಬೌಲಿಗೆ ಹೋಗುವ ಸಿಟಿ ಬಸ್ಸಿನಲ್ಲಿ ನಾನು ಕಂಡಕ್ಟರ್. ತೆಲಂಗಾಣ ಸರ್ಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಮೇಲೆ ನನ್ನ ಚೀಲ ಹಗುರಾಯಿತು, ಕಿವಿ ಭಾರವಾಯಿತು. ಏನಾದರೊಂದು ತಮಾಷೆ ನಡೆಯದೆ ಡಿಪೋ ಸೇರಿದ ದಿನವೇ ಇಲ್ಲ. ಟಿಕೆಟ್ ತೆಲುಗಿನಲ್ಲಿ ಕೊಡುತ್ತೇನೆ, ಜಗಳ ಹಿಂದಿಯಲ್ಲಿ ಆಡುತ್ತೇನೆ. ಬೀದರ್ ಕಡೆಯಿಂದ ಬಂದ ನಮ್ಮಪ್ಪ ತೀರಿಕೊಂಡ ಮೇಲೆ ಕನ್ನಡ ಮಾತ್ರ ಬಾಯೊಳಗೇ ಉಳಿದುಬಿಟ್ಟಿದೆ. ಅದಕ್ಕೇ ಈ ತಮಾಷೆಗಳನ್ನು ಕನ್ನಡದಲ್ಲಿ ಹೇಳಿಕೊಳ್ಳುವ ಆಸೆ.

ಟ್ಯಾಕ್ಸ್ ಕಟ್ಟಿದವನ ಸೀಟು

ಒಂದು ಬೆಳಿಗ್ಗೆ ಕ್ಯಾಬ್ ಸಿಗದೆ ಮಾದಾಪುರದ ಇಂಜಿನಿಯರ್ ಒಬ್ಬ ನಮ್ಮ ಬಸ್ಸು ಹತ್ತಿದ. ಎಲ್ಲಿ ನೋಡಿದರೂ ಹೆಂಗಸರು. ಸಿಟ್ಟಿಗೆದ್ದು, "ಇವರೆಲ್ಲ ಓಡಾಡೋದು ನನ್ನ ಟ್ಯಾಕ್ಸ್ ದುಡ್ಡಿನಲ್ಲಿ, ನಿಂತಿರೋನು ಮಾತ್ರ ನಾನು!" ಅಂದ.

ಹೂ ಮಾರುವ ಮುದುಕಿಯೊಬ್ಬಳು ತಟ್ಟನೆ ಎದ್ದಳು. "ಪಾಪ, ಕೂಡಪ್ಪ. ನಿನ್ನ ಸೀಟು ನಿನಗೇ ಇರಲಿ."

ಅವನು ನಾಚಿಕೊಂಡರೂ ಕೂತ. ಕೂತಿದ್ದೇ ತಡ, ಮುದುಕಿ ಚೆಂಡುಹೂವಿನ ಒದ್ದೆ ಬುಟ್ಟಿಯನ್ನು ಅವನ ತೊಡೆಯ ಮೇಲಿಟ್ಟಳು. "ಇದನ್ನೂ ಹಿಡ್ಕೋ. ಇದೂ ನಿನ್ನ ಟ್ಯಾಕ್ಸಿನಾಗೇ ಬರಾಕತ್ತೈತಿ!"

ಅಮ್ಮಾವ್ರ ಕಾರು

ಗಚ್ಚಿಬೌಲಿಯ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ದಿನಾ ನಮ್ಮ ಬಸ್ಸಿಗೇ ಬರುತ್ತಾಳೆ. ಸಂಬಳ ಸ್ವಲ್ಪ ಜಾಸ್ತಿ ಮಾಡಿ ಅಂತ ಮನೆಯೊಡತಿಯನ್ನು ಕೇಳಿದಳಂತೆ.

"ನಿನಗೆ ಈಗ ಬಸ್ಸು ಪುಕ್ಕಟೆ. ಸರ್ಕಾರವೇ ಜಾಸ್ತಿ ಮಾಡಿದೆಯಲ್ಲ?" ಅಂದರಂತೆ ಅಮ್ಮಾವ್ರು.

ಇವಳು ಒಗ್ಗರಣೆ ಹಾಕುತ್ತಲೇ ಕೇಳಿದಳಂತೆ: "ಬಸ್ಸು ನಿಮಗೂ ಪುಕ್ಕಟೆನೇ ಅಲ್ವಾ ಅಮ್ಮಾ? ಹಾಗಾದ್ರೆ ಯಜಮಾನರು ನಿಮ್ಮ ಕಾರು ಯಾವಾಗ ಮಾರ್ತಾರೆ?"

ಸಂಬಳ ಜಾಸ್ತಿಯಾಯಿತಾ ಅಂತ ಕೇಳಿದೆ. "ಇಲ್ಲಣ್ಣಾ. ಆದ್ರೆ ಅಮ್ಮಾವ್ರು ಸಾರಿಗೆ ಉಪ್ಪು ಕಮ್ಮಿ ಅನ್ನೋದು ನಿಂತಿದೆ."

ಎರಡು ಸರ್ಕಾರ

ಯಾದಗಿರಿ ಕಡೆಯ ಒಬ್ಬಳು ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಪುಕ್ಕಟೆ ಪ್ರಯಾಣಕ್ಕೆ ತೆಲಂಗಾಣದ ಗುರುತಿನ ಚೀಟಿ ಬೇಕು, ಅವಳದು ಕರ್ನಾಟಕದ್ದು. ಬಸ್ಸು ತುಂಬ ಹೆಂಗಸರಿದ್ದರೂ ರೊಕ್ಕ ಕೊಡುವವಳು ಅವಳೊಬ್ಬಳೇ. ಅವಳ ಕನ್ನಡ ಕೇಳುವ ಆಸೆಗೆ ಟಿಕೆಟ್ಟನ್ನು ಅವಳಿಗೆ ಕೊನೆಯಲ್ಲಿ, ನಿಧಾನವಾಗಿ ಹರಿದು ಕೊಡುತ್ತಿದ್ದೆ.

"ಊರಾಗ ಬಸ್ ಪುಕ್ಕಟೆ, ಕೆಲಸ ಇಲ್ಲ. ಇಲ್ಲೆ ಕೆಲಸ ಐತಿ, ಬಸ್ಸಿಗೆ ರೊಕ್ಕ. ಎರಡೂ ಸರ್ಕಾರದವ್ರು ಒಂದು ಕಡೆ ಕುಂತು ಮಾತಾಡಬಾರ್ದೇನ್ರಿ?"

"ಚೀಟ್ಯಾಗ ಇಲ್ಲಿ ಅಡ್ರೆಸ್ ಮಾಡಿಸಿಬಿಡವ್ವ," ಅಂದೆ.

ಅವಳು ಗಾಬರಿಯಾದಳು. "ಆಮ್ಯಾಲ ಊರಾಗ ರೊಕ್ಕ ಕೊಡಬೇಕಲ್ರಿ! ತವರಿಗೆ ಟಿಕೆಟ್ ತಗೊಂಡು ಹೋಗ್ಲೇನು?"

ಸಿಗದ ಅವ್ವ

ಅವ್ವನ್ನ ನೋಡಬೇಕು ಅಂತ ವರ್ಷವಿಡೀ ಹಂಬಲಿಸುತ್ತಿದ್ದ ಅದೇ ಯಾದಗಿರಿಯವಳು ಕೊನೆಗೆ ರಜೆ ಸಿಕ್ಕಾಗ ಹೇಳದೆ ಕೇಳದೆ ಊರಿಗೆ ಹೊರಟಳು. ಗಡಿಯವರೆಗೆ ಟಿಕೆಟ್, ಅಲ್ಲಿಂದ ಪುಕ್ಕಟೆ. ತಿರುಗಿ ಬಂದ ದಿನ, "ಅವ್ವ ಆರಾಮ ಅದಾಳಾ?" ಅಂತ ಕೇಳಿದೆ.

"ಭಾಳ ಆರಾಮ ಅದಾಳ್ರಿ. ಮನಿಗೆ ಹೋದ್ರ ಬಾಗಿಲಿಗೆ ಕೀಲಿ! ಫೋನ್ ಹಚ್ಚಿದೆ, ಕೀಲಿ ಹಾಕಿದ ಮನ್ಯಾಗೇ ಬಡಕೊಳ್ಳಾಕತ್ತಿತು. ಬಾಜೂ ಮನಿಯಾಕಿ ಅಂದ್ಲು, 'ಬಸ್ ಪುಕ್ಕಟೆ ಆದಾಗಿಂದ ನಿಮ್ಮವ್ವ ಎಲ್ಲಿ ಮನ್ಯಾಗ ಇರ್ತಾಳ? ಗಾಣಗಾಪುರಕ್ಕ ಹೋಗ್ಯಾಳ.' ನಾನೂ ಗಾಣಗಾಪುರಕ್ಕ ಓಡಿದೆ. ಅಷ್ಟೊತ್ತಿಗೆ ಆಕಿ ಬಿಜಾಪುರದ ಬಸ್ ಹತ್ತಿದ್ಲಂತ!"

ರಜೆ ಮುಗಿಯಿತು. ಅವಳು ವಾಪಸ್ ಬರಲು ಬಸ್ಸಿನಲ್ಲಿ ಕೂತಿದ್ದಾಗ ಪಕ್ಕಕ್ಕೆ ಇನ್ನೊಂದು ಬಸ್ಸು ಬಂದು ನಿಂತಿತಂತೆ. ಕಿಟಕಿಯಲ್ಲಿ ಅವ್ವ!

"'ಯವ್ವಾ, ಯಾವಾಗ ಬಂದಿ?' ಅಂದ್ಲು. 'ಹೊಂಟೀನಿ' ಅಂದೆ. ಇಳೀಬೇಕಂತ ಎದ್ದೆ, ನಮ್ಮ ಬಸ್ ಹೊಂಟೇಬಿಡ್ತು. ಪ್ರಸಾದದ ಗಂಟು ಕಿಟಕಿಯಿಂದ ಒಗದು, 'ಉಂಡಿಯೇನವ್ವಾ?' ಅಂತ ಒದರಿದ್ಲು. ಅಷ್ಟೇ ನೋಡ್ರಿ ನಮ್ಮ ಭೇಟಿ."

ಕಣ್ಣೊರೆಸಿಕೊಳ್ಳುತ್ತಲೇ ಅವಳಿಗೆ ನಗು ಬಂತು. ಟಿಕೆಟ್ಟಿನ ರೊಕ್ಕ ನನ್ನ ಕೈಗಿಟ್ಟು ಅಂದಳು:

"ಸರ್ಕಾರ ಬಸ್ಸೇನೋ ಪುಕ್ಕಟೆ ಮಾಡೇತ್ರಿ ಅಣ್ಣಾ, ಅವ್ವನ್ನ ಭಾಳ ತುಟ್ಟಿ ಮಾಡಿಬಿಡ್ತು!"